ಒಟ್ಟು ಅಂಕಕ್ಕೆ ಸಿಗದ ಹುಡುಗಿ

ಯಾರಾದರೂ ನಿಮ್ಮ ಮಗುವಿನ ಬುದ್ಧಿಯನ್ನು ಒಂದೇ ಅಂಕಿಯಲ್ಲಿ ಹೇಳಿದರೆ, ಆ ಅಂಕಿಗೆ ಏನೇನು ಕೂಡಿಸಿದ್ದೀರಿ ಎಂದು ಮೊದಲು ಕೇಳಿ. ಅವರು ತಡವರಿಸಿದರೆ ಎದ್ದು ಬರಬೇಡಿ. ಇನ್ನೊಂದು ಕಪ್ ಚಹಾ ತರಿಸಿ ಮತ್ತೆ ಕೇಳಿ. ನಾನು ಇದನ್ನು ಕಲಿತದ್ದು ದಾಳಿಂಬ ಎಂಬ ಹಳ್ಳಿಯ ಹತ್ತು ವರ್ಷದ ಒಬ್ಬ ಹುಡುಗಿಯಿಂದ.

ಹೈದರಾಬಾದಿನ ಮೇಲಿನ ಪೊಲೀಸ್ ಕಾರ್ಯಾಚರಣೆ ಮುಗಿದು ಎರಡು ಮೂರು ವರ್ಷವಾಗಿತ್ತು. ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ನಡೆಯುತ್ತಿದ್ದ ನಮ್ಮ ಕಡೆಯ ಶಾಲೆಗಳು ಮರಾಠಿಗೆ ತಿರುಗಿದ್ದವು. ಉದಗೀರದ ವ್ಯಾಪಾರಿಗಳು ಸೇರಿ ಐದನೇ ಇಯತ್ತೆಯಿಂದ, ಅಂದರೆ ಐದನೇ ತರಗತಿಯಿಂದ, ಹೊಸ ಶಾಲೆ ತೆಗೆದರು. ಕೋಣೆಗಳು ಕಡಿಮೆ, ಬರುವ ಮಕ್ಕಳು ಹೆಚ್ಚು. ಉಮರ್ಗಾ, ನಿಲಂಗಾ, ಉದಗೀರ ಮೂರೂ ಕಡೆ ಪರೀಕ್ಷೆ ಮಾಡಿ ಮಕ್ಕಳನ್ನು ಆರಿಸಬೇಕೆಂದು ಸಮಿತಿ ಠರಾಯಿಸಿತು. ಆ ಕೆಲಸ ಅಲ್ಲಿ ಮಾಸ್ತರನಾಗಿದ್ದ ನನ್ನ ಕೊರಳಿಗೆ ಬಿತ್ತು, ಏಕೆಂದರೆ ಪೆಟ್ಟಿಗೆ ನನ್ನದಾಗಿತ್ತು.

ಪೆಟ್ಟಿಗೆಯ ವಿಷಯ ಹೇಳಲೇಬೇಕು. ನಾನು ಹೈದರಾಬಾದಿಗೆ ಶಿಕ್ಷಕರ ತರಬೇತಿಗೆ ಹೋದಾಗ ಅಲ್ಲಿನ ಕಾಲೇಜಿನ ಮೂಲೆಯಲ್ಲಿ ಮಕ್ಕಳ ಬುದ್ಧಿ ಅಳೆಯುವ ಸಾಮಾನಿನ ಹಳೆಯ ಪೆಟ್ಟಿಗೆಯೊಂದು ಧೂಳು ತಿನ್ನುತ್ತಿತ್ತು. ಕೆಂಪು ಬಿಳಿ ಬಣ್ಣದ ಮರದ ತುಂಡುಗಳು, ಚಿತ್ರದ ಕಾರ್ಡುಗಳು, ಒಂದು ಸೆಕೆಂಡ್ ಗಡಿಯಾರ, ಜೊತೆಗೆ ಹೇಗೆ ಕೇಳಬೇಕು, ಹೇಗೆ ಅಂಕ ಹಾಕಬೇಕು ಎಂಬ ಕೈಪಿಡಿ. ಮಾಸ್ತರಿಕೆಗೆ ಬರುವ ಮುಂಚೆ ನಾನು ಉದಗೀರದ ಧಾನ್ಯದ ಪೇಟೆಯಲ್ಲಿ ಹರಾಜಿನ ಸವಾಲು ಕೂಗಿ ಬೆಳೆದವನು. ಯಾರೂ ಬಳಸದ ಮಾಲನ್ನು ಬಿಟ್ಟು ಬರುವುದು ನನ್ನಿಂದಾಗದ ಕೆಲಸ. ತರಬೇತಿ ಮುಗಿಯುವ ಹೊತ್ತಿಗೆ ಅಲ್ಲಿನ ಪ್ರಾಚಾರ್ಯರಿಗೆ ಪೆಟ್ಟಿಗೆಯೇ ಭಾರವಾಗುವಷ್ಟು ಅದರ ಬಗ್ಗೆ ಮಾತಾಡಿದ್ದೆ. ಕೊನೆಗೆ ಅವರೇ ಹೊತ್ತುಕೊಂಡು ಹೋಗು ಎಂದರು. ಕಾರ್ಡುಗಳಲ್ಲಿ ಟೊಪ್ಪಿಗೆಯ ಸಾಹೇಬರೂ ಹಿಮದ ಬೆಟ್ಟಗಳೂ ಇದ್ದವು. ನಮ್ಮ ಚಿತ್ರಕಲೆಯ ಮಾಸ್ತರರಿಂದ ಅವುಗಳ ಬದಲು ಆಡು, ಬಾವಿ, ರೊಟ್ಟಿ, ಎತ್ತಿನ ಗಾಡಿ ಬರೆಸಿದೆ. ಬೇರೆ ಬೇರೆ ಕಥೆಗಳ ಎರಡು ಕಂತೆ ಬರೆಸಿದ್ದೆ. ಒಂದು ಕಂತೆ ಪರೀಕ್ಷೆಗೆ, ಇನ್ನೊಂದು ಕೈಯಲ್ಲಿರಲಿ ಎಂದು. ಯಾವ ಕೆಲಸಕ್ಕಾದರೂ ಎರಡನೆಯದೊಂದು ಇಟ್ಟುಕೊಂಡಿರಬೇಕು. ಕಾರಣ ಮುಂದೆ ಗೊತ್ತಾಗುತ್ತದೆ.

ಉದಗೀರದ ಪರೀಕ್ಷೆ ಮುಗಿಸಿ ಉಮರ್ಗಾದಲ್ಲಿ ನಡೆಸುವಾಗ ಹುಡುಗಿಯನ್ನು ಕರೆತಂದವಳು ಆಕೆಯ ಅಜ್ಜಿ. ಹಣೆಯ ತುಂಬ ವಿಭೂತಿ, ಬಗಲಲ್ಲಿ ಬುತ್ತಿಯ ಗಂಟು. ಬಾಗಿಲಲ್ಲೇ ನಿಂತು ಕೋಣೆಯನ್ನೆಲ್ಲ ಒಂದು ಸುತ್ತು ನೋಡಿದಳು.

"ಶರಣ್ರಿ ಮಾಸ್ತರ್. ಇಕೀನೇ ನಮ್ಮ ಪೋರಿ. ತಕ್ಕಡಿ ಎಲ್ಲ್ಯದ ತೋರಸ್ರಿ."

"ತಕ್ಕಡಿ ಯಾಕ ಆಯಿ?"

"ಬುದ್ಧಿ ತೂಗ್ತೀರಂತಲ್ರಿ. ಕಲ್ಲು ಖರೇ ಅದಾವೋ ಖೋಟಾ ಅದಾವೋ ನಾ ನೋಡಬ್ಯಾಡೇನು?"

ಹೊರಗೆ ಕೂತಿದ್ದ ತಾಯಂದಿರೆಲ್ಲ ನಕ್ಕರು. ಹುಡುಗಿ ಮಾತ್ರ ನಗಲಿಲ್ಲ. ಅವಳ ಕಣ್ಣು ಆಗಲೇ ನನ್ನ ಪೆಟ್ಟಿಗೆಯ ಮೇಲಿತ್ತು.

ಅಜ್ಜಿಯನ್ನು ಹೊರಗೆ ಕೂಡಿಸುವಾಗ ವಿಷಯ ತಿಳಿಯಿತು. ದಾಳಿಂಬದ ಶಾಲೆ ನಾಲ್ಕನೇ ಇಯತ್ತೆಗೆ ಮುಗಿಯುತ್ತದೆ. ಹುಡುಗಿ ನಾಲ್ಕು ಮುಗಿಸಿದ್ದಳು. ಉದಗೀರದಲ್ಲಿ ಸೋದರತ್ತೆಯ ಮನೆ ಇದೆ, ಇಟ್ಟುಕೊಳ್ಳಲು ಅತ್ತೆ ತಯಾರು. ಆದರೆ ಅಪ್ಪ ಬಿಗಿಯ ಮನುಷ್ಯ. ಮಗಳು ತನ್ನ ಬುದ್ಧಿಯಿಂದ ಜಾಗ ಗಿಟ್ಟಿಸಿದರೆ ಕಳಿಸುತ್ತೇನೆ, ಯಾರ ಮುಂದೂ ಕೈ ಮುಗಿದು ಕೇಳುವವನಲ್ಲ ಎಂದು ಹೇಳಿಬಿಟ್ಟಿದ್ದ. ಅಂದರೆ ಈ ಪರೀಕ್ಷೆ ಹೋದರೆ ಹುಡುಗಿಯ ಓದು ಅಲ್ಲಿಗೇ ನಿಲ್ಲುತ್ತಿತ್ತು.

ಮೊದಲು ಬಾಯಿಲೆಕ್ಕ. ಆರು ಆಳುಗಳು ನಾಲ್ಕು ದಿನದಲ್ಲಿ ಹೊಲದ ಕೆಲಸ ಮುಗಿಸಿದರೆ, ಮೂರು ದಿನದಲ್ಲಿ ಮುಗಿಸಲು ಎಷ್ಟು ಆಳು ಬೇಕು?

"ಎಂಟು," ಎಂದಳು. ಆಮೇಲೆ, "ಆದ್ರ ಗುರ್ಜಿ, ಹೊಸಾ ಆಳು ಇಬ್ಬರೂ ಹಳೇ ಆಳಿನಂಗ ದುಡಿತಾರಂತ ಯಾರ ಹೇಳ್ಯಾರ?"

ಕೈಪಿಡಿಯಲ್ಲಿ ಇಂಥ ಪ್ರಶ್ನೆಗೆ ಅಂಕವಿಲ್ಲ. ಇದ್ದಿದ್ದರೆ ಅದನ್ನೂ ಕೊಡುತ್ತಿದ್ದೆ.

ಅಂಕಿಗಳನ್ನು ಹೇಳಿ ಹಿಂದುಮುಂದಾಗಿ ಹೇಳಿಸುವ ಭಾಗದಲ್ಲಿ ನನಗೇ ನಾಲಿಗೆ ತೊಡರಿತು, ಅವಳಿಗೆ ತೊಡರಲಿಲ್ಲ. ಮರದ ತುಂಡುಗಳನ್ನು ಜೋಡಿಸಿ ಮಾದರಿಯ ಚಿತ್ರ ಮಾಡುವ ಭಾಗದಲ್ಲಿ ಕೊನೆಯ, ಎಲ್ಲಕ್ಕಿಂತ ಕಠಿಣವಾದ ಮಾದರಿಯನ್ನು ಮುಗಿಸಿ, "ಇದ್ರಕಿಂತ ಕಠೀಣ ಇಲ್ಲೇನ್ರಿ?" ಎಂದು ಬೇಸರದಿಂದ ಕೇಳಿದಳು. ನನ್ನ ಎದೆ ಹಿಗ್ಗಿತು. ಪೇಟೆಯಲ್ಲಿ ಚೀಲದ ಬಾಯಿ ಬಿಚ್ಚಿದ ಕೂಡಲೇ ಒಳ್ಳೆಯ ತೊಗರಿ ಕಂಡಾಗ ಮುಖದಲ್ಲಿ ತೋರಗೊಡಬಾರದು ಎನ್ನುತ್ತಾರೆ. ನಾನು ತೋರಗೊಡಲಿಲ್ಲ.

ಆಮೇಲೆ ಬೇರೆ ಭಾಗಗಳು ಬಂದವು. ಮರಾಠಿ ಪದಗಳ ಅರ್ಥ ಕೇಳಿದರೆ ಉತ್ತರ ತೀರ ಸಾಧಾರಣ. ಚಿತ್ರದ ಕಾರ್ಡುಗಳನ್ನು ಕಥೆಯ ಕ್ರಮದಲ್ಲಿ ಇಡುವ ಭಾಗದಲ್ಲಿ ಮಗು ಮಾತಾಡಬೇಕಿಲ್ಲ. ನಾನು ಕಲಸಿ ಇಟ್ಟ ಕಾರ್ಡುಗಳನ್ನು ಸಾಲಾಗಿ ಜೋಡಿಸಿದರೆ ಸಾಕು. ಕಾರ್ಡಿನ ಬೆನ್ನ ಮೇಲಿನ ಅಕ್ಷರಗಳನ್ನು ನಾನು ಎಡದಿಂದ ಬರೆದುಕೊಂಡು ಮುಂದಿನ ಕಥೆಯ ಕಾರ್ಡು ಕೊಡಬೇಕು. ಅವಳು ಚುರುಕಾಗಿ ಜೋಡಿಸಿ "ಆತ್ರಿ" ಎನ್ನುವಳು. ನೋಡಿದರೆ ತಪ್ಪು. ಮುಂದಿನದೂ ತಪ್ಪು. ಅದರ ಮುಂದಿನದೂ. ಕೊನೆಗೆ ಪ್ರತಿ ಅಂಕಿಯ ಕೆಳಗೆ ಅದಕ್ಕೆ ಗೊತ್ತುಮಾಡಿದ ಗುರುತನ್ನು ಸರಸರನೆ ಬರೆಯುವ ಭಾಗ. ಪೆನ್ಸಿಲು ಹಿಡಿದು ಸ್ವಲ್ಪ ಹೊತ್ತು ಹಾಳೆಯನ್ನೇ ನೋಡಿದಳು. ಸಾಲಿನ ಆ ತುದಿಗೆ ಕೈ ಒಯ್ದಳು. ನಾನು ಕೈ ಹಿಡಿದು ಈ ತುದಿಗೆ ತಂದೆ. ಅಲ್ಲಿಂದ ಮುಂದೆ ಅವಳ ಕೈ ಎತ್ತಿನ ಗಾಡಿ ಹತ್ತಿದ ಹಾಗೆ ನಿಧಾನ.

ಮರುದಿನ ಬೆಳಿಗ್ಗೆ ನಿಲಂಗಾದ ಧರ್ಮಶಾಲೆಯ ಕಟ್ಟೆಯಲ್ಲಿ ಕೂತು ಅಂಕ ಹಾಕಿದೆ. ಆ ಕೈಪಿಡಿಯ ಲೆಕ್ಕದಲ್ಲಿ ಒಂದೊಂದು ಭಾಗದಲ್ಲೂ ಆ ವಯಸ್ಸಿನ ಸಾಧಾರಣ ಮಗುವಿಗೆ ಹತ್ತು ಅಂಕ. ಈ ಹುಡುಗಿಗೆ ತುಂಡು ಜೋಡಿಸುವುದರಲ್ಲಿ ಹದಿನೆಂಟು, ಬಾಯಿಲೆಕ್ಕದಲ್ಲಿ ಹದಿನೇಳು; ಚಿತ್ರದ ಕಥೆಯಲ್ಲಿ ಮೂರು, ಗುರುತು ಬರೆಯುವುದರಲ್ಲಿ ನಾಲ್ಕು. ಎಲ್ಲವನ್ನೂ ಕೂಡಿಸಿ ಭಾಗಿಸಿದರೆ ಸಾಧಾರಣಕ್ಕಿಂತ ಒಂದು ಗೇಣು ಮೇಲೆ. ಸಮಿತಿ ಹಾಕಿದ ಗೆರೆ ಅದಕ್ಕಿಂತ ಎತ್ತರದಲ್ಲಿತ್ತು.

ಜೊತೆಗೆ ಬಂದಿದ್ದ ನಮ್ಮ ಮುಖ್ಯೋಪಾಧ್ಯಾಯರು ಸೊಲ್ಲಾಪುರದಲ್ಲಿ ಓದಿ ಬಂದವರು. ನೇರ ಮನುಷ್ಯ, ನಿಯಮವೆಂದರೆ ನಿಯಮ. ಕಟ್ಟೆಯ ಮೇಲೆ ಹಲ್ಲುಜ್ಜುತ್ತಲೇ ನನ್ನ ಹಾಳೆ ನೋಡಿದರು.

"ಇದರಾಗ ಏನು ನೋಡ್ತೀರಿ ಮಾಸ್ತರ್? ಮನ್ಯಾಗ ಯಾರೋ ಲೆಕ್ಕ ಕಲಿಸ್ಯಾರ. ಉಳಿದದ್ದು ಕಚ್ಚಾ ಅದ. ಕೂಡಸ್ರಿ, ಭಾಗಸ್ರಿ, ಮುಂದ ನಡೀರಿ."

"ಕೆಂಪು ಬಿಳಿ ತುಂಡು ಜೋಡ್ಸೂದು ಯಾವ ಮನ್ಯಾಗ ಕಲಿಸ್ತಾರ್ರಿ ಸರ?"

"ರಂಗೋಲಿ ಹಾಕಂಗಿಲ್ಲೇನು ಅವರ ಮನ್ಯಾಗ?"

ಉತ್ತರ ಸರಿಯಾಗಿಯೇ ಇತ್ತು. ಒಪ್ಪಿಕೊಳ್ಳಲು ಮನಸ್ಸು ಬರಲಿಲ್ಲ. ಸೋಮವಾರ ಉದಗೀರದಲ್ಲಿ ಸಮಿತಿ ಕೂಡುವುದಿತ್ತು. ಈ ಒಂದು ಹಾಳೆಗೆ ಈಗಲೇ ಸಹಿ ಹಾಕಬೇಡಿ ಎಂದು ಕೇಳಿದೆ. ಅವರು ಶುಕ್ರವಾರ ಎಂದರು, ನಾನು ಮಂಗಳವಾರ ಎಂದೆ, ಸೋಮವಾರಕ್ಕೆ ನಿಂತಿತು. ನಿಮಗೆ ಸೋಮವಾರ ಬೇಕಿದ್ದರೆ ಮಂಗಳವಾರ ಕೇಳಬೇಕು.

ನನಗೆ ಮೊದಲು ಹೊಳೆದದ್ದು ಯಾರಿಗಾದರೂ ಹೊಳೆಯುವಂಥದ್ದೇ. ಹುಡುಗಿಯ ಮನೆಮಾತು ಕನ್ನಡ, ಪರೀಕ್ಷೆ ಮರಾಠಿಯಲ್ಲಿ. ಕನ್ನಡದಲ್ಲಿ ಕೇಳಿದರೆ ಎಲ್ಲ ಸರಿಹೋಗುತ್ತದೆ. ನಿಲಂಗಾದ ಮಕ್ಕಳ ಪರೀಕ್ಷೆ ಮುಗಿಸಿ, ಎರಡನೆಯ ಕಂತೆಯ ಕಾರ್ಡುಗಳನ್ನು ಚೀಲಕ್ಕೆ ಹಾಕಿಕೊಂಡು ದಾಳಿಂಬಕ್ಕೆ ಹೋದೆ.

ಮನೆ ಒಕ್ಕಲುತನದ ಮನೆ. ಅಪ್ಪ ಹೊಲದಿಂದ ಆಗಷ್ಟೇ ಬಂದು ಕೈಕಾಲು ತೊಳೆಯುತ್ತಿದ್ದ. ಅಜ್ಜಿ ಚಾಪೆ ಹಾಸಿದಳು. ಪದಗಳನ್ನು ಕನ್ನಡದಲ್ಲಿ ಕೇಳಿದೆ. ಅಂಕ ಏರಿತು, ಆದರೆ ನಾನು ಕನಸು ಕಂಡಷ್ಟಲ್ಲ. ಒಳ್ಳೆಯ ಹುಡುಗಿ ಹೇಳುವಷ್ಟು ಹೇಳಿದಳು, ಅಸಾಧಾರಣವಾದದ್ದೇನೂ ಇರಲಿಲ್ಲ. ಹೊಸ ಕಂತೆಯ ಚಿತ್ರಗಳನ್ನು ಕೊಟ್ಟೆ. ಜೋಡಿಸಿದಳು. ತಪ್ಪು. ಇನ್ನೊಂದು ಕಥೆಯ ಕಾರ್ಡು. ತಪ್ಪು. ಚಿತ್ರಗಳಿಗೆ ಮರಾಠಿಯೂ ಬೇಡ, ಕನ್ನಡವೂ ಬೇಡ. ನನ್ನ ಕಾರಣ ಅಲ್ಲೇ ಕುಸಿದು ಕೂತಿತು.

ಅಜ್ಜಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ತಂದಿಟ್ಟಳು. ತಿನ್ನುತ್ತ ಯೋಚಿಸಿದೆ. ಕೈಪಿಡಿ ಒಂದು ಮಾತನ್ನು ಕಡ್ಡಾಯವಾಗಿ ಹೇಳಿತ್ತು: ಕಾರ್ಡು ಜೋಡಿಸಿದ ಮಗುವನ್ನು ಏನೂ ಕೇಳಬಾರದು, ಬರೆದುಕೊಂಡು ಮುಂದೆ ಹೋಗಬೇಕು. ಉಮರ್ಗಾದಲ್ಲಿ ಹಾಗೆಯೇ ಮಾಡಿದ್ದೆ, ಇಲ್ಲೂ ಹಾಗೆಯೇ ಮಾಡುತ್ತಿದ್ದೆ. ಆದರೆ ಇದು ಪರೀಕ್ಷೆಯ ಕಂತೆಯಲ್ಲ, ಇಲ್ಲಿ ಅಂಕವಿಲ್ಲ. ಕೇಳಿದರೆ ಕೆಡುವುದೇನು? ಕೈ ತೊಳೆದು ಬಂದು ಮತ್ತೆ ಕಾರ್ಡು ಹರಡಿದೆ. ಅವಳು ಮತ್ತೆ ಅದೇ ಕ್ರಮದಲ್ಲಿ ಇಟ್ಟಳು.

"ಈಗ ಇದರ ಕಥಿ ಹೇಳು ನೋಡೋಣ."

ಅವಳ ಬೆರಳು ಸಾಲಿನ ಬಲತುದಿಯ ಕಾರ್ಡಿನ ಮೇಲೆ ಬಂದು ಕೂತಿತು.

"ಈ ಹೆಣ್ಮಗಳು ರೊಟ್ಟಿ ಬಡ್ದು ಬುಟ್ಟ್ಯಾಗ ಇಟ್ಟಾಳ." ಬೆರಳು ಎಡಕ್ಕೆ ಸರಿಯಿತು. "ನೀರಿಗ ಹೋಗ್ಯಾಳ. ಆಡು ಬಂದದ. ಇಲ್ಲಿ ನೋಡ್ರಿ, ಬುಟ್ಟಿ ಖಾಲಿ, ಈಕಿ ಬಡಿಗಿ ತಗೊಂಡಾಳ. ನಮ್ಮ ಆಡೂನೂ ಹಿಂಗ ಮಾಡ್ತದ್ರಿ."

ಒಳಗಿನಿಂದ ಅಜ್ಜಿಯ ದನಿ ಬಂತು. "ಆಡಿನ ಚಾಡಿ ಹೇಳಬ್ಯಾಡ. ಅದರ ಹಾಲು ಕುಡದ ದೊಡ್ಡಾಕಿ ಆಗೀದಿ."

ನಾನು ಅವಳ ಬೆರಳಿನ ಹಿಂದೆ ಮತ್ತೊಮ್ಮೆ ಓದಿದೆ. ಕಥೆ ಒಂದು ಕೂದಲೆಳೆ ತಪ್ಪಿರಲಿಲ್ಲ. ಬಲದಿಂದ ಎಡಕ್ಕೆ ನಡೆದಿತ್ತು, ಅಷ್ಟೇ.

ಊಟ ಮುಗಿಸಿದ ಅಪ್ಪ ಟವೆಲಿನಿಂದ ಬಾಯಿ ಒರೆಸಿಕೊಳ್ಳುತ್ತ ಹತ್ತಿರ ಬಂದ. "ಅಲಿಫ್ ಬೇ ನಾನೇ ಕಲಿಸಿದ್ರಿ ಈಕಿಗಿ. ಅಣ್ಣನ ಕೂಡ ಸಾಲಿಗೂ ಕಳ್ಸಿದೆ. ಉರ್ದು ಬಂದ್ರ ಕಚೇರ್ಯಾಗ ಯಾರೂ ಮೋಸ ಮಾಡಂಗಿಲ್ಲ ಅಂದ್ಕೊಂಡಿದ್ದೆ. ಈಕಿ ಕಿತಾಬು ಮುಗ್ಸೂದ್ರಾಗ ಸರ್ಕಾರನೇ ಬದಲಾತು."

"ಮರಾಠಿ ಬರಿಯೂದು ಎಡಕ್ಕಿಂದ ಅಲ್ಲೇನು?" ಎಂದು ಹುಡುಗಿಯನ್ನು ಕೇಳಿದೆ.

"ಹೌದ್ರಿ. ಮರಾಠಿ ಎಡಕ್ಕಿಂದ. ಚಿತ್ರ ಯಾವ ಕಡಿಂದ ಅಂತ ಯಾರೂ ಹೇಳಿಲ್ಲಲ್ರಿ."

ಯಾರೂ ಹೇಳಿರಲಿಲ್ಲ. ಕೈಪಿಡಿ ಬರೆದವರಿಗೆ ಅದು ಹೇಳಬೇಕಾದ ಮಾತೆಂದೇ ಅನಿಸಿರಲಿಲ್ಲ. ಅವರ ಮಕ್ಕಳಿಗೆಲ್ಲ ಪುಟ ಎಡದಿಂದಲೇ ತೆರೆಯುತ್ತಿತ್ತು. ಇವಳಿಗೆ ಮೊದಲ ಪುಟ ತೆರೆದದ್ದು ಉರ್ದುವಿನಲ್ಲಿ, ಬಲದಿಂದ. ಅಲಿಫ್‌ನಿಂದ ಸುರುವಾದ ಮಗುವಿಗೆ ಕಥೆಯ ಬಾಗಿಲು ಆ ಕಡೆ ಇತ್ತು.

ಅಜ್ಜಿ ಬಾಗಿಲಿಗೆ ಬಂದು ಸೊಂಟದ ಮೇಲೆ ಕೈ ಇಟ್ಟಳು. "ಹಂಗಾದ್ರ ಕಲ್ಲು ನಿಮ್ಮದೇ ಖೋಟಾ ಆತಲ್ರಿ ಮಾಸ್ತರ್!"

"ಆತು ಆಯಿ," ಎಂದೆ.

ಕಾರಣ ಸಿಕ್ಕಿತೆಂದು ಅಲ್ಲಿಂದ ಕುಣಿಯುತ್ತ ಎದ್ದು ಬರಬಹುದಿತ್ತು. ಇಲ್ಲಿ ಒಂದು ಬುದ್ಧಿಮಾತು: ಒಂದು ಕೀಲಿಗೆ ಒಂದು ಬಾಗಿಲು ತೆರೆದರೆ ಅದೇ ಕೀಲಿಯನ್ನು ಊರಿನ ಬಾಗಿಲಿಗೆಲ್ಲ ಹಾಕಬೇಡಿ. ಗುರುತು ಬರೆಯುವ ಭಾಗ ಉಳಿದಿತ್ತು. ಬೇರೆ ಗುರುತುಗಳನ್ನು ಬರೆದುಕೊಟ್ಟು, ಈ ಸಲ ನಿನಗೆ ಬೇಕಾದ ತುದಿಯಿಂದ ಸುರು ಮಾಡು ಎಂದೆ. ಬಲದಿಂದ ಸುರು ಮಾಡಿದಳು. ಆದರೂ ನಿಧಾನ. ಒಂದೊಂದು ಗುರುತನ್ನೂ ಗುಡಿಯ ಗೋಡೆಗೆ ಕೆತ್ತುವವಳ ಹಾಗೆ ಬರೆದಳು. ಅದೇ ಗುರುತುಗಳನ್ನು ಬಾಯಿಂದ ಹೇಳು ಎಂದರೆ ನಾನು ಬೆರಳು ಸರಿಸುವುದರೊಳಗೆ ಹೇಳಿ ಮುಗಿಸಿದಳು.

"ತಲಿ ಮುಂದ ಹೋಗ್ತದ್ರಿ, ಕೈ ಹಿಂದ ಉಳಿತದ," ಎಂದು ತಾನೇ ಹೇಳಿದಳು. ದನಿ ಸಣ್ಣದಾಗಿತ್ತು. ಇಡೀ ದಿನದಲ್ಲಿ ಅವಳ ಮುಖ ಬಾಡಿದ್ದು ಅದೊಂದೇ ಸಲ. "ನಾಲ್ಕನೇತ್ಯಾಗ ಗುರ್ಜಿ ಇದಕ್ಕೇ ಬಡೀತಿದ್ರು."

ಆ ಕೈ ಯಾಕೆ ನಿಧಾನವೋ ನನಗೆ ಅಂದೂ ತಿಳಿಯಲಿಲ್ಲ, ಇಂದೂ ಗೊತ್ತಿಲ್ಲ. ಅದು ನಿಜವಾದ ಕೊರತೆ, ಅದನ್ನು ಉರ್ದುವಿನ ತಲೆಗೆ ಕಟ್ಟುವಂತಿರಲಿಲ್ಲ. ಆದರೆ ನಿಧಾನವಾದ ಕೈಯನ್ನು ಓಡುವ ತಲೆಯೊಂದಿಗೆ ಕೂಡಿಸಿ ಎರಡರಿಂದ ಭಾಗಿಸಿದರೆ ಬರುವ ಹುಡುಗಿ ಯಾರು? ಅಂಥವಳು ಆ ಚಾಪೆಯ ಮೇಲೆ ಇರಲಿಲ್ಲ.

ಉದಗೀರಕ್ಕೆ ಬಸ್ಸಿನಲ್ಲಿ ಬರುವಾಗ ಏನು ಮಾಡಬೇಕೆಂದು ಲೆಕ್ಕ ಹಾಕಿದೆ. ಕಾರ್ಡಿನ ಅಂಕ ತಿದ್ದಿ ಸುಮ್ಮನಿರಬಹುದಿತ್ತು. ಪೆಟ್ಟಿಗೆಯೂ ನನ್ನದು, ಪೆನ್ಸಿಲೂ ನನ್ನದು. ಆದರೆ ಗುಟ್ಟಾಗಿ ಕೊಟ್ಟ ಜಾಗವನ್ನು ಗುಟ್ಟಾಗಿಯೇ ಕಿತ್ತುಕೊಳ್ಳಲೂ ಬರುತ್ತದೆ. ಆ ಅಪ್ಪನೂ ಅಂಥ ಜಾಗಕ್ಕೆ ಮಗಳನ್ನು ಕಳಿಸುವವನಲ್ಲ. ಬೇರೆ ದಾರಿ ಒಂದೇ. ಶನಿವಾರ ಮುಖ್ಯೋಪಾಧ್ಯಾಯರ ಮುಂದೆ ಮೂರೂ ಊರಿನ ಮಕ್ಕಳ ಹಾಳೆಗಳನ್ನೆಲ್ಲ ಹರಡಿ, ದಾಳಿಂಬದಲ್ಲಿ ಕಂಡದ್ದನ್ನು ಹೇಳಿ, ಚಿತ್ರದ ಭಾಗವನ್ನು ಎಲ್ಲರದ್ದೂ ಬಲದಿಂದ ಮತ್ತೊಮ್ಮೆ ಓದೋಣ ಎಂದೆ.

"ಒಬ್ಬಾಕಿ ಸಲುವಾಗಿ ಎಲ್ಲಾರದೂ?"

"ಒಬ್ಬಾಕಿದೇ ಓದಿದ್ರ ಲಂಚ ಅಂತಾರ್ರಿ ಸರ. ಎಲ್ಲಾರದೂ ಓದಿದ್ರ ತಪಾಸಣಿ ಅಂತಾರ."

ಅವರು ಗೊಣಗುತ್ತ ಕನ್ನಡಕ ಹಾಕಿಕೊಂಡರು. ದಾಳಿಂಬದ ಹುಡುಗಿಯ ಹಾಳೆಯಲ್ಲಿ ಒಂದು ಕಥೆ ಬಿಟ್ಟು ಉಳಿದದ್ದೆಲ್ಲ ಬಲದಿಂದ ಸರಿಯಾಗಿತ್ತು. ಆ ಒಂದು ಕಥೆ ಎರಡೂ ಕಡೆಯಿಂದ ತಪ್ಪು. ಅದು ಅವಳದೇ ತಪ್ಪು. ಹೆಚ್ಚಿನ ಮಕ್ಕಳಲ್ಲಿ ಏನೂ ಬದಲಾಗಲಿಲ್ಲ. ನಿಲಂಗಾದ ಒಬ್ಬ ದರ್ಜಿಯ ಮಗನ ಹಾಳೆ ಬಂತು. ಮನೆಮಾತು ದಖ್ಖನಿ ಉರ್ದು. ಗೆರೆಯ ಸ್ವಲ್ಪ ಕೆಳಗೆ ನಿಂತಿದ್ದ. ಬಲದಿಂದ ಓದಿದರೆ ಎಲ್ಲ ಕಥೆಯೂ ಸರಿ. ಮುಖ್ಯೋಪಾಧ್ಯಾಯರು ಆ ಹಾಳೆಯನ್ನು ಕೈಯಲ್ಲಿ ಹಿಡಿದು ಎರಡು ಸಲ ಬಲದಿಂದ ಓದಿದರು.

"ಈ ಪೋರನ್ನ ನಾನೇ ನಾಪಾಸ ಅಂತ ಬರಕೊಂಡಿದ್ದೆ," ಎಂದರು ಕೊನೆಗೆ. "ಇಂವಾ ಗೆರಿ ದಾಟಿದ. ಆದ್ರ ನಿಮ್ಮ ದಾಳಿಂಬದ ಪೋರಿ ಇನ್ನೂ ದಾಟಿಲ್ಲ. ಬರವಣಿಗಿ ನಾಲ್ಕೇ ಅದ, ಒಟ್ಟು ಕಡಿಮಿ ಬೀಳ್ತದ."

ಖರೆ. ಕೂಡಿಸಿದರೆ ಗೆರೆಗೆ ತುಸುವೇ ಕಡಿಮೆ. ಅವಳ ಬುದ್ಧಿ ಗೆರೆಯ ಬಹಳ ಮೇಲಿತ್ತು, ಕೈ ಬಹಳ ಕೆಳಗಿತ್ತು. ಗೆರೆಯ ಹತ್ತಿರ ಇದ್ದದ್ದು ಭಾಗಾಕಾರ ಮಾತ್ರ.

ಸೋಮವಾರ ಸಮಿತಿ ಕೂತಿತು. ಅಧ್ಯಕ್ಷರು ಧಾನ್ಯದ ದೊಡ್ಡ ವ್ಯಾಪಾರಿ. ಒಂದು ಕಾಲಕ್ಕೆ ನಾನು ಅವರ ಅಂಗಡಿಯ ಮುಂದೆಯೇ ಸವಾಲು ಕೂಗಿದವನು. ಹಾಳೆಯನ್ನು ಅವರ ಗಾದಿಯ ಮೇಲಿಟ್ಟು, ಒಟ್ಟಿನ ಸಾಲನ್ನು ಅಂಗೈಯಿಂದ ಮುಚ್ಚಿದೆ.

"ಸಾವ್ಕಾರ್ರೇ, ಒಬ್ಬ ಒಕ್ಕಲಿಗ ಒಂದು ಗಾಡ್ಯಾಗ ಮೊದಲ ನಂಬರ್ ತೊಗರಿ, ಒಂದು ಚೀಲ ಹುಳಾ ಬಿದ್ದ ಜ್ವಾಳ ತಂದ್ರ ಏನ್ ಮಾಡ್ತೀರಿ? ಎರಡೂ ಕಲಸಿ ಒಂದೇ ಧಾರಣಿ ಹೇಳ್ತೀರೇನು?"

"ಕಲಸಿದ್ರ ನನ್ನ ಹುಚ್ಚ ಅಂತಾರ. ತೊಗರಿ ತಗೋತೀನಿ, ಜ್ವಾಳ ಬ್ಯಾರೇ ನೋಡ್ತೀನಿ."

"ಕೂಸು ಚೀಲ ಅಲ್ಲ," ಎಂದರು ಮುಖ್ಯೋಪಾಧ್ಯಾಯರು. "ತೊಗರಿ ತಗೊಂಡು ಜ್ವಾಳ ಹೊರಗ ಬಿಟ್ಟು ಬಾ ಅನ್ನಾಕ ಬರಂಗಿಲ್ಲ. ಆ ಕೈಯಿಂದನೇ ಆಕಿ ಪರೀಕ್ಷಾ ಬರೀಬೇಕು. ವರ್ಷದ ಕೊನೀಗಿ ನಾಪಾಸ ಆದ್ರ ಆಕಿ ಮನಸ್ಸು ಮುರಿತದ. ಅದನ್ನ ಯಾರು ತೂಗ್ತೀರಿ?"

ನಾನು ನಿರೀಕ್ಷಿಸಿದ್ದು ನಿಯಮದ ಮಾತು. ಅವರು ಹುಡುಗಿಯ ಮಾತಾಡಿದ್ದರು. ಚೌಕಾಸಿಯಲ್ಲಿ ಎದುರಿನವ ನಿಮಗಿಂತ ಒಳ್ಳೆಯ ಮಾತು ಆಡಿದರೆ ಅದನ್ನು ತಳ್ಳಬೇಡಿ, ಎತ್ತಿಕೊಂಡು ನಿಮ್ಮ ಕಡೆ ಇಟ್ಟುಕೊಳ್ಳಿ.

"ಅದಕ್ಕೇ ಸರ, ಲೆಕ್ಕಕ್ಕ ಆಕೀನ ಆರನೇ ಇಯತ್ತ್ಯಾಗ ಕೂಡಸ್ರಿ. ಬರಿಯೂದಕ್ಕ ದುಪ್ಪಟ್ಟು ಹೊತ್ತು ಕೊಡ್ರಿ."

"ದುಪ್ಪಟ್ಟು ಬಿಲ್ಕುಲ್ ಆಗಂಗಿಲ್ಲ. ಉಳಿದ ಮಕ್ಕಳು ಏನಂತಾರ?"

"ಹಂಗಾದ್ರ ಅರ್ಧಾ ಪರೀಕ್ಷಾ ಬಾಯಿಂದ ತಗೋರಿ."

ಅವರು ಯೋಚಿಸಿದರು. ಬಾಯಿಂದ ಕೇಳಿದರೆ ಕಲಿತಾಳೋ ಇಲ್ಲವೋ ನನಗೂ ತಿಳಿಯುತ್ತದೆ ಎಂದರು. ಆದರೆ ಆರನೆಯದಕ್ಕೆ ದೀಪಾವಳಿಯವರೆಗೆ ಇಲ್ಲ, ಮೊದಲು ಅವಳ ಕೈಯನ್ನು ನಾನು ನೋಡುತ್ತೇನೆ, ದಿನಾ ಸಾಲಿ ಬಿಟ್ಟ ಮೇಲೆ ನನ್ನ ಮುಂದೆ ಕೂತು ಬರೆಯಬೇಕು ಎಂದರು. ನಾನು ಅದನ್ನು ಕೇಳಿಯೇ ಇರಲಿಲ್ಲ. ಕೇಳದೇ ಇದ್ದದ್ದು ಸಿಕ್ಕರೆ ಅಲ್ಲಿಗೆ ಬಾಯಿ ಮುಚ್ಚಬೇಕು. ಮುಚ್ಚಿದೆ. ಅಧ್ಯಕ್ಷರು ಸಹಿ ಹಾಕಿದರು. ಒಟ್ಟಿನ ಜಾಗದಲ್ಲಿ ಅಂಕಿ ಬರೆಯಲಿಲ್ಲ, ಅಡ್ಡಗೆರೆ ಎಳೆದರು.

ಶಾಲೆ ಸುರುವಾದ ದಿನ ಅಜ್ಜಿಯೂ ಅಪ್ಪನೂ ಹುಡುಗಿಯನ್ನು ಕರೆದುಕೊಂಡು ಬಂದರು. ಅಪ್ಪ ಅಂಗಳದಲ್ಲೇ ನಿಂತು ನನ್ನನ್ನು ಹತ್ತಿರ ಕರೆದ.

"ಮಾಸ್ತರ್, ಖರೇ ಹೇಳ್ರಿ. ನಿಮ್ಮ ದಯದಿಂದ ಸಿಕ್ಕದೋ, ಆಕಿ ಬುದ್ಧಿಯಿಂದ ಸಿಕ್ಕದೋ?"

"ಆಕಿದು ಆಕಿ ಗಳಿಸ್ಯಾಳ. ನಾ ಹಾಳಿ ತಿರುಗಿಸಿ ಹಿಡದೆ, ಅಷ್ಟೇ."

ಅವನು ಒಮ್ಮೆ ತಲೆಯಾಡಿಸಿ ಮಗಳ ಟ್ರಂಕನ್ನು ಸೋದರತ್ತೆಯ ಮನೆಯ ಗಾಡಿಗೆ ಏರಿಸಿದ. ಅಜ್ಜಿ ಮಾತ್ರ ಬಿಡಲಿಲ್ಲ. "ಎಷ್ಟ ಬಂತ್ರೀ ಒಟ್ಟು? ಊರಾಗ ಹೇಳಬೇಕು."

"ಒಟ್ಟು ಇಲ್ಲ ಆಯಿ. ನಿಮ್ಮ ಪೋರಿ ಒಟ್ಟಿನ್ಯಾಗ ಹಿಡಿಸಂಗಿಲ್ಲ."

"ಅದನ್ನ ನಾ ಮೊದಲೇ ಹೇಳ್ತಿದ್ದೆ. ನೀವ ಕೇಳ್ಲಿಲ್ಲ," ಎಂದು ಬುತ್ತಿಯ ಗಂಟನ್ನು ನನ್ನ ಕೈಗೆ ತುರುಕಿದಳು.

ಒಳಗೆ ಮುಖ್ಯೋಪಾಧ್ಯಾಯರು ಹೊಸ ಮಕ್ಕಳಿಗೆ ಬರೆಯುವ ಪಾಟಿ ಹಂಚುತ್ತಿದ್ದರು. ದರ್ಜಿಯ ಮಗನ ಪಕ್ಕದಲ್ಲಿ ಕೂತಿದ್ದ ಹುಡುಗಿಯ ಮುಂದೆ ನಿಂತು, ಪಾಟಿ ಕೊಡುತ್ತ, ಮುಖವನ್ನು ಬಿಗಿಯಾಗಿಯೇ ಇಟ್ಟುಕೊಂಡು ಕೇಳಿದರು.

"ಏನವಾ, ಯಾವ ಕಡಿಂದ ಸುರು ಮಾಡಾಕಿ?"

ಹುಡುಗಿ ಎದ್ದು ನಿಂತಳು.

"ನೀವ ಹೇಳ್ರಿ ಸರ, ಸಾಲಿ ನಿಮ್ಮದು. ನನಗ ಎರಡೂ ಕಡಿಂದ ಬರ್ತದ."